ತಪ್ಪು ಕಂಡವನೇ ತೀರ್ಪು ಕೊಡಬೇಕೇ?

ಹೊರನಾಡಿಗೆ ಬಂದ ನಮ್ಮಲ್ಲಿ ಸಾಫ್ಟ್‌ವೇರ್ ನಂಬಿ ಊರು ಬಿಟ್ಟವರು ಬಹಳ ಜನ. ಆ ಕಸುಬಿನವರಲ್ಲದಿದ್ದರೂ ಅದರ ಕಿರಿಕಿರಿ ಎಲ್ಲರಿಗೂ ಗೊತ್ತು. ಯಾವುದೋ ಅರ್ಜಿಯ ನಾಲ್ಕು ಪುಟ ತುಂಬಿಸಿ, ಫೋಟೋ ಅಪ್‌ಲೋಡ್ ಮಾಡಿ, ಕೊನೆಯ ಬಟನ್ ಒತ್ತುತ್ತೀರಿ. ‘ಏನೋ ತಪ್ಪಾಗಿದೆ, ಮತ್ತೊಮ್ಮೆ ಪ್ರಯತ್ನಿಸಿ’ ಎಂಬ ಒಂದು ಸಾಲು ಬರುತ್ತದೆ. ತುಂಬಿಸಿದ್ದೆಲ್ಲ ಹೋಗಿರುತ್ತದೆ. ಎಲ್ಲಿ ತಪ್ಪಾಯಿತು, ಈಗೇನು ಮಾಡಬಹುದು ಎಂದು ಹೇಳುವವರು ಯಾರೂ ಇರುವುದಿಲ್ಲ.

ಪ್ರೋಗ್ರಾಂ ಬರೆದವರ ಸೋಮಾರಿತನ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ನಾವು ದಿನನಿತ್ಯ ಬಳಸುವ ಪ್ರೋಗ್ರಾಮಿಂಗ್ ಭಾಷೆಗಳು ತಪ್ಪನ್ನು ನಿಭಾಯಿಸುವ ರೀತಿಯಲ್ಲೇ ಒಂದು ಕೊರತೆಯಿದೆ. ಆ ಕೊರತೆಗೆ ಲಿಸ್ಪ್ ಎಂಬ ಹಳೆಯ ಭಾಷೆಯ ಒಂದು ಕವಲಾದ ಕಾಮನ್ ಲಿಸ್ಪ್ ಮೂವತ್ತೈದು ವರ್ಷಕ್ಕೂ ಹಿಂದೆಯೇ ಒಂದು ಉತ್ತರ ಕಂಡುಕೊಂಡಿತ್ತು. ನಾನು ಪುಣೆಯಲ್ಲಿ ಹೊಟ್ಟೆಪಾಡಿಗೆ ಜಾವಾ, ಪೈಥಾನ್ ಬರೆಯುವವನು. ಲಿಸ್ಪ್ ನನ್ನ ಭಾನುವಾರಗಳ ಹವ್ಯಾಸ. ಆ ಹವ್ಯಾಸದಿಂದ ಕಲಿತ ಒಂದೇ ಒಂದು ಸಂಗತಿಯನ್ನು ಇಲ್ಲಿ ಹಂಚಿಕೊಳ್ಳುತ್ತೇನೆ. ತಪ್ಪನ್ನು ಕಂಡುಹಿಡಿಯುವುದು ಬೇರೆ, ಅದರಿಂದ ಹೊರಬರುವ ದಾರಿಗಳನ್ನು ತಿಳಿದಿರುವುದು ಬೇರೆ, ಯಾವ ದಾರಿ ಹಿಡಿಯಬೇಕೆಂದು ತೀರ್ಮಾನಿಸುವುದು ಬೇರೆ.

ಒಂದು ರಿಜಿಸ್ಟರು, ಎರಡು ಪಟ್ಟಿ

ನಮ್ಮ ಮನೆಗೆ ಹತ್ತಿರದಲ್ಲಿ ಒಂದು ಕನ್ನಡ ಸಂಘವಿದೆ. ಅದರ ಸದಸ್ಯರ ಹಳೆಯ ರಿಜಿಸ್ಟರುಗಳನ್ನು ಕೆಲವು ಸ್ವಯಂಸೇವಕರು ಸೇರಿ ಎಕ್ಸೆಲ್‌ಗೆ ಏರಿಸಿದ್ದರು. ಸುಮಾರು ಎರಡು ಸಾವಿರ ಹೆಸರುಗಳು. ಅದರಿಂದ ಎರಡು ಪಟ್ಟಿ ತೆಗೆದುಕೊಡಿ ಎಂದು ಕಾರ್ಯದರ್ಶಿಗಳು ನನ್ನನ್ನು ಕೇಳಿದರು. ಒಂದು, ರಾಜ್ಯೋತ್ಸವ ಸಂಚಿಕೆಯನ್ನು ಅಂಚೆಗೆ ಹಾಕಲು ವಿಳಾಸದ ಚೀಟಿಗಳು. ಇನ್ನೊಂದು, ಸಂಘದ ಚುನಾವಣೆಗೆ ಮತದಾರರ ಪಟ್ಟಿ. ಸೇರಿ ಒಂದು ವರ್ಷ ಆದವರಿಗೆ ಮಾತ್ರ ಮತ ಹಾಕುವ ಹಕ್ಕು ಎಂಬುದು ಅಲ್ಲಿನ ನಿಯಮ.

‘ಸೇರಿದ ದಿನಾಂಕ’ ಎಂಬ ಕಾಲಂನಲ್ಲಿ ಹೆಚ್ಚಿನವರದು ಸರಿಯಾಗಿತ್ತು. ಒಬ್ಬ ಹಿರಿಯರ ಹೆಸರಿನ ಮುಂದೆ ಮಾತ್ರ ‘ಯುಗಾದಿ’ ಎಂದಷ್ಟೇ ಇತ್ತು. ಯಾವ ವರ್ಷದ ಯುಗಾದಿ? ಈ ವರ್ಷದ್ದೋ, ಮೂವತ್ತು ವರ್ಷ ಹಿಂದಿನದೋ? ಕಂಪ್ಯೂಟರಿಗೆ ಗೊತ್ತಾಗುವುದು ಹೇಗೆ?

ಇಂಥ ಕೆಲಸದ ಪ್ರೋಗ್ರಾಂನಲ್ಲಿ ಮೂರು ಪದರ ಇರುತ್ತವೆ. ತೀರಾ ಕೆಳಗಿನ ಫಂಕ್ಷನ್ ದಿನಾಂಕವನ್ನು ಓದುತ್ತದೆ. ನಡುವಿನದು ಒಂದು ಸಾಲನ್ನು ತೆಗೆದುಕೊಂಡು ಹೆಸರು, ವಿಳಾಸ, ದಿನಾಂಕ ಸೇರಿಸಿ ಒಬ್ಬ ಸದಸ್ಯರ ದಾಖಲೆ ಮಾಡುತ್ತದೆ. ಮೇಲಿನದು ಎಲ್ಲ ಸಾಲುಗಳನ್ನೂ ಓದಿಸಿ ಬೇಕಾದ ಪಟ್ಟಿ ತಯಾರಿಸುತ್ತದೆ. ‘ಯುಗಾದಿ’ ಎಂಬ ಪದ ಎದುರಾದಾಗ ಅದು ದಿನಾಂಕವಲ್ಲ ಎಂದು ಮೊದಲು ಗೊತ್ತಾಗುವುದು ಕೆಳಗಿನ ಫಂಕ್ಷನ್‌ಗೆ.

ಆದರೆ ಮುಂದೇನು ಮಾಡಬೇಕೆಂದು ಅದಕ್ಕೆ ತಿಳಿಯುವಂತಿಲ್ಲ. ವಿಳಾಸದ ಚೀಟಿಗೆ ಸೇರಿದ ದಿನಾಂಕವೇ ಬೇಡ. ಆ ಜಾಗ ಖಾಲಿ ಬಿಟ್ಟು ಮುಂದೆ ಹೋದರಾಯಿತು. ಮತದಾರರ ಪಟ್ಟಿಯಲ್ಲಿ ಹಾಗೆ ಮಾಡುವಂತಿಲ್ಲ. ಹೆಸರನ್ನು ಬಿಟ್ಟುಬಿಟ್ಟರೆ ದಶಕಗಳ ಕಾಲ ಸಂಘಕ್ಕೆ ದುಡಿದವರು ಚುನಾವಣೆಯ ದಿನ ಸರದಿಯಲ್ಲಿ ನಿಂತು, ‘ನಿಮ್ಮ ಹೆಸರಿಲ್ಲ ಸಾರ್’ ಅನ್ನಿಸಿಕೊಂಡು ವಾಪಸು ಹೋಗಬೇಕಾಗಬಹುದು. ಅಂದಾಜಿನ ಮೇಲೆ ಒಂದು ವರ್ಷ ತುಂಬಿದರೆ ಹಕ್ಕಿಲ್ಲದವರಿಗೆ ಮತ ಕೊಟ್ಟಂತಾಗಬಹುದು. ಅಲ್ಲಿ ನಿಂತು ಕೇಳಬೇಕು. ಹಳೆಯ ರಸೀದಿ ಪುಸ್ತಕ ಕಾರ್ಯದರ್ಶಿಗಳ ಹತ್ತಿರ ಇದೆ.

ಹೀಗೆ ಯಾವ ಪಟ್ಟಿ, ಯಾವ ಧೋರಣೆ ಎಂಬುದು ಮೇಲಿನ ಫಂಕ್ಷನ್‌ಗೆ ಗೊತ್ತು. ಸಾಲನ್ನು ಬಿಡುವುದು, ಖಾಲಿ ಇಡುವುದು, ಬೇರೆ ದಿನಾಂಕ ಹಾಕುವುದು ಎಂಬ ರಿಪೇರಿಯ ದಾರಿಗಳು ನಡುವಿನದಕ್ಕೆ ಗೊತ್ತು. ತಪ್ಪಾಗಿದೆ ಎಂಬುದಷ್ಟೇ ಕೆಳಗಿನದಕ್ಕೆ ಗೊತ್ತು. ಮೂವರೂ ಮಾತಾಡಿಕೊಳ್ಳದೆ ಸರಿಯಾದ ತೀರ್ಮಾನ ಆಗುವುದಿಲ್ಲ.

ಎಸೆಯುವುದು ಮತ್ತು ಹಿಡಿಯುವುದು

ಪ್ರೋಗ್ರಾಂ ನಡೆಯುವಾಗ ಮೇಲಿನ ಫಂಕ್ಷನ್ ನಡುವಿನದನ್ನು ಕರೆಯುತ್ತದೆ, ನಡುವಿನದು ಕೆಳಗಿನದನ್ನು. ಕರೆದ ಪ್ರತಿಯೊಂದೂ ತನ್ನ ಕೆಲಸ ಎಲ್ಲಿಗೆ ನಿಂತಿದೆ ಎಂಬ ಗುರುತು ಇಟ್ಟು ಉತ್ತರಕ್ಕಾಗಿ ಕಾಯುತ್ತದೆ. ಒಂದರ ಮೇಲೊಂದು ಪೇರಿಸಿದ ಈ ಗುರುತುಗಳನ್ನೇ ಸ್ಟ್ಯಾಕ್ ಎನ್ನುತ್ತಾರೆ.

ಸಿ++, ಜಾವಾ, ಪೈಥಾನ್ ಭಾಷೆಗಳಲ್ಲಿ ತಪ್ಪು ಕಂಡ ಫಂಕ್ಷನ್ ಒಂದು ಎಕ್ಸೆಪ್ಷನ್ ಎಸೆಯುತ್ತದೆ. ಮೇಲೆಲ್ಲೋ ಇರುವ ಫಂಕ್ಷನ್ ಅದನ್ನು ಹಿಡಿಯುತ್ತದೆ. ಕೇಳಲು ಇದು ಚೆನ್ನಾಗಿದೆ. ತೊಡಕು ಇರುವುದು ಹಿಡಿಯುವ ಹೊತ್ತಿನಲ್ಲಿ. ಹಿಡಿದವರ ಕೋಡ್ ನಡೆಯುವಷ್ಟರಲ್ಲಿ ಕೆಳಗಿನ ಮತ್ತು ನಡುವಿನ ಫಂಕ್ಷನ್‌ಗಳ ಗುರುತೆಲ್ಲ ಸ್ಟ್ಯಾಕ್‌ನಿಂದ ಅಳಿಸಿಹೋಗಿರುತ್ತದೆ. ಸಾವಿರದ ಇನ್ನೂರನೇ ಸಾಲಿನಲ್ಲಿ ಇದ್ದೆವು, ಅರ್ಧ ದಾಖಲೆ ತಯಾರಾಗಿತ್ತು ಎಂಬುದೆಲ್ಲ ಹೋಯಿತು. ‘ದಿನಾಂಕ ಖಾಲಿ ಬಿಟ್ಟು ಅಲ್ಲಿಂದಲೇ ಮುಂದುವರಿ’ ಎಂದು ಹೇಳೋಣವೆಂದರೆ ಕೇಳಿಸಿಕೊಳ್ಳಲು ಅಲ್ಲಿ ಯಾರೂ ಉಳಿದಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ, ಒಂದು ಸಾಲು ಕೆಟ್ಟಿತೆಂದು ಇಡೀ ಓಟ ನಿಲ್ಲುತ್ತದೆ.

ಅದಕ್ಕೇ ನಾವು ಕಸುಬಿನವರು ಅಡ್ಡದಾರಿ ಹಿಡಿಯುತ್ತೇವೆ. ನಡುವಿನ ಪದರದಲ್ಲೇ ಎಕ್ಸೆಪ್ಷನ್ ಹಿಡಿದು ‘ಈ ಸಾಲು ಬಿಡು’ ಎಂದು ಬರೆದುಬಿಡುತ್ತೇವೆ. ವಿಳಾಸದ ಚೀಟಿಗೆಂದು ಯಾರೋ ಬರೆದ ಆ ಒಂದು ಸಾಲನ್ನು ಮತದಾರರ ಪಟ್ಟಿಯೂ ತಲೆಯ ಮೇಲೆ ಹೊತ್ತುಕೊಳ್ಳುತ್ತದೆ. ಅಥವಾ ‘ಕೆಟ್ಟ ಸಾಲು ಬಿಡಬೇಕೇ, ಬೇಡವೇ’ ಎಂಬ ಸೂಚನೆಯನ್ನು ಮೇಲಿನಿಂದ ಕೆಳಗಿನವರೆಗೆ ಪ್ರತಿಯೊಂದು ಫಂಕ್ಷನ್‌ನ ಕೈಯಿಂದ ಕೈಗೆ ದಾಟಿಸುತ್ತೇವೆ. ಮೂರು ಪದರ ಇದ್ದಾಗ ಅದು ನಡೆಯುತ್ತದೆ. ಮೂವತ್ತು ಪದರ ಇದ್ದಾಗ, ಅದರಲ್ಲಿ ಹತ್ತು ಬೇರೆಯವರು ಬರೆದ ಲೈಬ್ರರಿಗಳಾಗಿದ್ದಾಗ, ನಡೆಯುವುದಿಲ್ಲ.

ಮೊದಲು ಕೇಳುವುದು

ಕಾಮನ್ ಲಿಸ್ಪ್‌ನ ಏರ್ಪಾಡಿಗೆ ಕಂಡಿಷನ್ ಸಿಸ್ಟಮ್ ಎಂದು ಹೆಸರು. ಅದು ಮೂರು ಕೆಲಸಗಳನ್ನು ಮೂವರಿಗೆ ಹಂಚುತ್ತದೆ.

ತಪ್ಪು ಕಂಡ ಫಂಕ್ಷನ್ ಒಂದು ಕಂಡಿಷನ್ ತಯಾರಿಸಿ ಸಿಗ್ನಲ್ ಮಾಡುತ್ತದೆ. ಏನು ಸಿಕ್ಕಿತು, ಏನು ನಿರೀಕ್ಷಿಸಿದ್ದೆ ಎಂಬ ವಿವರ ಅದರಲ್ಲಿ ಇರುತ್ತದೆ. ನಡುವಿನ ಫಂಕ್ಷನ್ ‘ರೀಸ್ಟಾರ್ಟ್-ಕೇಸ್’ ಎಂಬ ರಚನೆಯ ಮೂಲಕ ತನಗೆ ಗೊತ್ತಿರುವ ದಾರಿಗಳಿಗೆ ಹೆಸರಿಟ್ಟು ಮೊದಲೇ ಸಾಲಾಗಿ ಇಟ್ಟಿರುತ್ತದೆ: ‘ಸದಸ್ಯರನ್ನು ಬಿಡು’, ‘ದಿನಾಂಕ ಖಾಲಿ ಇಡು’, ‘ಈ ದಿನಾಂಕ ಬಳಸು’. ಒಂದೊಂದು ದಾರಿಗೂ ರೀಸ್ಟಾರ್ಟ್ ಎಂದು ಹೆಸರು. ಮೇಲಿನ ಫಂಕ್ಷನ್ ‘ಹ್ಯಾಂಡ್ಲರ್-ಬೈಂಡ್’ ಮೂಲಕ ಒಂದು ಹ್ಯಾಂಡ್ಲರ್ ನೇಮಿಸುತ್ತದೆ. ‘ಇಂಥ ಕಂಡಿಷನ್ ಬಂದರೆ ಇಂಥ ರೀಸ್ಟಾರ್ಟ್ ಆರಿಸು’ ಎಂಬುದು ಅದರ ಕೆಲಸ.

ಇದರಲ್ಲಿ ಮುಖ್ಯವಾದದ್ದು ಕ್ರಮ. ಸಿಗ್ನಲ್ ಆದಾಗ ಸ್ಟ್ಯಾಕ್ ಅಳಿಸುವುದಿಲ್ಲ. ತಪ್ಪು ಕಂಡ ಫಂಕ್ಷನ್ ಇನ್ನೂ ಅಲ್ಲೇ ಕಾಯುತ್ತಿರುತ್ತದೆ, ನಡುವಿನದೂ ಕಾಯುತ್ತಿರುತ್ತದೆ. ಅದೇ ಸ್ಥಿತಿಯಲ್ಲಿ ಹ್ಯಾಂಡ್ಲರನ್ನು ಕರೆದು ಕೇಳಲಾಗುತ್ತದೆ. ಹ್ಯಾಂಡ್ಲರ್ ‘ಇನ್ವೋಕ್-ರೀಸ್ಟಾರ್ಟ್’ ಎಂದು ಒಂದು ದಾರಿ ಆರಿಸಿದ ಮೇಲಷ್ಟೇ ಆ ದಾರಿಗೆ ಎಷ್ಟು ಬೇಕೋ ಅಷ್ಟು ಮಾತ್ರ ಸ್ಟ್ಯಾಕ್ ಕೆಳಗಿಳಿಯುತ್ತದೆ. ‘ಖಾಲಿ ಇಡು’ ಎಂದರೆ ನಡುವಿನ ಫಂಕ್ಷನ್ ಆ ಸಾಲಿನಿಂದಲೇ ಮುಂದುವರಿಯುತ್ತದೆ. ಇಡೀ ಪಟ್ಟಿಯ ಕೆಲಸ ಹಾಳಾಗುವುದಿಲ್ಲ. ನಡುವೆ ಎಷ್ಟೇ ಪದರ ಇದ್ದರೂ ಯಾವುದೂ ಸೂಚನೆಯನ್ನು ಕೈಯಿಂದ ಕೈಗೆ ದಾಟಿಸಬೇಕಿಲ್ಲ.

ಹ್ಯಾಂಡ್ಲರ್‌ಗೆ ‘ಇದು ನನ್ನ ವ್ಯಾಪ್ತಿಯದಲ್ಲ’ ಎನ್ನುವ ಸ್ವಾತಂತ್ರ್ಯವೂ ಇದೆ. ಏನನ್ನೂ ಆರಿಸದೆ ಸುಮ್ಮನೆ ಮರಳಿದರೆ ಸಾಕು, ಪ್ರಶ್ನೆ ಅದರ ಮೇಲಿನ ಹ್ಯಾಂಡ್ಲರ್‌ಗೆ ಹೋಗುತ್ತದೆ. ‘ಎರರ್’ ಎಂದು ಕೂಗಿದ ಮೇಲೆ ಯಾರೂ ಜವಾಬ್ದಾರಿ ತೆಗೆದುಕೊಳ್ಳದಿದ್ದರೆ ಪ್ರೋಗ್ರಾಂ ಸಾಯುವುದಿಲ್ಲ. ಡಿಬಗರ್ ತೆರೆದು, ಲಭ್ಯವಿರುವ ರೀಸ್ಟಾರ್ಟ್‌ಗಳನ್ನು ನಂಬರು ಹಾಕಿ ಪರದೆಯ ಮೇಲೆ ತೋರಿಸಿ, ಎದುರಿಗೆ ಕೂತ ಮನುಷ್ಯನನ್ನೇ ಕೇಳುತ್ತದೆ.

ಸಂಘದ ಕೆಲಸಕ್ಕೆ ನಾನು ಲಿಸ್ಪ್ ಬಳಸಿದ್ದು ಇದಕ್ಕೇ. ವಿಳಾಸದ ಚೀಟಿಗೆ ‘ದಿನಾಂಕ ಖಾಲಿ ಇಡು’ ಎಂದು ಆರಿಸುವ ಹ್ಯಾಂಡ್ಲರ್ ಹಾಕಿದೆ. ಮತದಾರರ ಪಟ್ಟಿಗೆ ಬೇಕೆಂದೇ ಯಾವ ಹ್ಯಾಂಡ್ಲರನ್ನೂ ಹಾಕಲಿಲ್ಲ. ‘ಯುಗಾದಿ’ ಬಂದ ಕೂಡಲೇ ಪ್ರೋಗ್ರಾಂ ನಿಂತು, ಮೂರು ದಾರಿಗಳನ್ನು ತೋರಿಸಿ ಕಾಯತೊಡಗಿತು. ಕಾರ್ಯದರ್ಶಿಗಳು ಪಕ್ಕದಲ್ಲಿ ಕೂತು ರಸೀದಿ ಪುಸ್ತಕ ತಿರುವಿದರು. ಮೊದಲ ವಂತಿಗೆಯ ರಸೀದಿ ಸಿಕ್ಕಿತು. ಅದರಲ್ಲಿದ್ದ ದಿನಾಂಕವನ್ನು ಟೈಪ್ ಮಾಡಿದೆ. ಅದೇ ಸಾಲಿನಿಂದ ಓಟ ಮುಂದುವರಿಯಿತು. ಹಿರಿಯರ ಹೆಸರು ಪಟ್ಟಿಯಲ್ಲಿ ಉಳಿಯಿತು. ಎರಡೂ ಪಟ್ಟಿಗಳಿಗೆ ದಿನಾಂಕ ಓದುವ ಕೋಡ್ ಒಂದೇ. ಅದರಲ್ಲಿ ಒಂದಕ್ಷರವೂ ಬದಲಾಗಲಿಲ್ಲ.

ಎಲ್ಲಿಂದ ಬಂತು ಈ ಉಪಾಯ?

ಲಿಸ್ಪ್ ಹುಟ್ಟಿದ್ದು 1958ರಲ್ಲಿ, ಅಮೆರಿಕದ ಎಂಐಟಿಯಲ್ಲಿ, ಜಾನ್ ಮೆಕಾರ್ತಿಯವರ ಕೈಯಲ್ಲಿ. ಆರಂಭದ ಲಿಸ್ಪ್‌ನಲ್ಲಿ ‘ಎರರ್‌ಸೆಟ್’ ಎಂಬ ಸಾಧನವಿತ್ತು. ಒಂದು ಲೆಕ್ಕದಲ್ಲಿ ತಪ್ಪಾಯಿತೇ ಇಲ್ಲವೇ ಎಂದು ತಿಳಿಯಲು ಅದು ಸಾಕಾಗುತ್ತಿತ್ತು, ರಿಪೇರಿಗೆ ಸಾಲುತ್ತಿರಲಿಲ್ಲ.

ತಪ್ಪಾದ ಜಾಗವನ್ನು ಕೆಡವದೆ ಅಲ್ಲಿಯೇ ವಿಚಾರಿಸುವ ಯೋಚನೆ ಬಂದದ್ದು ಬೇರೆ ಕಡೆಯಿಂದ. 1960ರ ದಶಕದ ನಡುವಿನಲ್ಲಿ ಐಬಿಎಂ ರೂಪಿಸಿದ ಪಿಎಲ್/ಒನ್ ಭಾಷೆಯಲ್ಲಿ ‘ಆನ್’ ಎಂಬ ಸೂಚನೆಯಿತ್ತು. ಇಂಥ ಸ್ಥಿತಿ ಎದುರಾದರೆ ಇದನ್ನು ಮಾಡು ಎಂದು ಮೊದಲೇ ಹೇಳಿಡಬಹುದಿತ್ತು. ಮಲ್ಟಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬರೆದದ್ದು ಬಹುಪಾಲು ಈ ಭಾಷೆಯಲ್ಲೇ. ಎಂಐಟಿ ಮಲ್ಟಿಕ್ಸ್‌ನ ತವರುಗಳಲ್ಲಿ ಒಂದು. ಅಲ್ಲಿನ ಅನುಭವ ಲಿಸ್ಪ್‌ಗೆಂದೇ ಕಟ್ಟಿದ ಕಂಪ್ಯೂಟರುಗಳಿಗೆ, ಅಂದರೆ ಲಿಸ್ಪ್ ಮಷೀನುಗಳಿಗೆ ಹರಿದು ಬಂತು. ಸಿಂಬಾಲಿಕ್ಸ್ ಕಂಪನಿಯ ಯಂತ್ರಗಳಲ್ಲಿ ಅದಕ್ಕೆ ಹೆಸರುಳ್ಳ ದಾರಿಗಳು ಸೇರಿಕೊಂಡವು.

1984ರಲ್ಲಿ ಗೈ ಸ್ಟೀಲ್ ಕಾಮನ್ ಲಿಸ್ಪ್‌ನ ಪುಸ್ತಕ ಹೊರತಂದಾಗ ತಪ್ಪನ್ನು ಕೂಗುವ ವ್ಯವಸ್ಥೆ ಅದರಲ್ಲಿತ್ತು, ನಿಭಾಯಿಸುವ ವ್ಯವಸ್ಥೆ ಪೂರ್ತಿ ಇರಲಿಲ್ಲ. ಮುಂದೆ ಎಕ್ಸ್3ಜೆ13 ಎಂಬ ಸಮಿತಿ ಭಾಷೆಗೆ ಮಾನದಂಡ ರೂಪಿಸಲು ಕೂತಾಗ ಕೆಂಟ್ ಪಿಟ್‌ಮನ್ ಈ ಭಾಗವನ್ನು ಬರೆದು ಮುಂದಿಟ್ಟರು. 1994ರ ಅಮೆರಿಕನ್ ರಾಷ್ಟ್ರೀಯ ಮಾನದಂಡದಲ್ಲಿ ಅದು ಭಾಷೆಯ ಅಂಗವಾಯಿತು. ‘ಅಬಾರ್ಟ್’, ‘ಕಂಟಿನ್ಯೂ’, ‘ಯೂಸ್-ವ್ಯಾಲ್ಯೂ’, ‘ಸ್ಟೋರ್-ವ್ಯಾಲ್ಯೂ’, ‘ಮಫಲ್-ವಾರ್ನಿಂಗ್’ ಎಂಬ ಐದು ರೀಸ್ಟಾರ್ಟ್‌ಗಳಿಗೆ ಮಾನದಂಡವೇ ಹೆಸರು ಕೊಟ್ಟಿದೆ. ಕೊನೆಯದು ಎಚ್ಚರಿಕೆಯ ಮಾತನ್ನು ಸುಮ್ಮನಾಗಿಸಲು. ಸಿಗ್ನಲ್ ಆಗುವುದೆಲ್ಲ ತಪ್ಪೇ ಆಗಬೇಕಿಲ್ಲ ಎಂಬುದನ್ನು ಈ ಭಾಷೆ ಆಗಲೇ ಒಪ್ಪಿಕೊಂಡಿತ್ತು.

ಕೆಳಗಿನವರೇ ತೀರ್ಪು ಕೊಟ್ಟ ದಿನ

ಇದೆಲ್ಲ ಪಂಡಿತರ ಚರ್ಚೆ ಅನ್ನಿಸಿದರೆ, ಲಿಸ್ಪ್‌ಗೆ ಸಂಬಂಧವಿಲ್ಲದ ಒಂದು ಅಪಘಾತವನ್ನು ನೆನಪಿಸುತ್ತೇನೆ. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿ ಕೂರೂ ಎಂಬ ಉಡಾವಣಾ ಕೇಂದ್ರವಿದೆ. ನಮ್ಮ ಹಾಸನದ ಕೇಂದ್ರದಿಂದ ನಿಯಂತ್ರಿಸುವ ಇನ್ಸಾಟ್ ಉಪಗ್ರಹಗಳಲ್ಲಿ ಹಲವು ಅಲ್ಲಿಂದಲೇ ಏರಿಯಾನ್ ರಾಕೆಟ್‌ಗಳಲ್ಲಿ ಹಾರಿದವು. 1996ರ ಜೂನ್ 4ರಂದು ಅಲ್ಲಿಂದ ಏರಿಯಾನ್ 5 ಮೊದಲ ಬಾರಿಗೆ ಹಾರಿತು. ಸುಮಾರು 40 ಸೆಕೆಂಡಿನಲ್ಲಿ ದಿಕ್ಕು ತಪ್ಪಿ ಒಡೆದು ಸ್ಫೋಟಿಸಿತು. ಅದರಲ್ಲಿದ್ದ ನಾಲ್ಕು ಕ್ಲಸ್ಟರ್ ವಿಜ್ಞಾನ ಉಪಗ್ರಹಗಳೂ ಹೋದವು.

ಗಣಿತಜ್ಞ ಜಾಕ್-ಲೂಯಿ ಲಿಯೋನ್ಸ್ ಅವರ ಅಧ್ಯಕ್ಷತೆಯ ಸಮಿತಿ ಕಾರಣ ಹುಡುಕಿತು. ರಾಕೆಟ್ಟಿನ ಇರವನ್ನು ಅಳೆಯುವ ಕಂಪ್ಯೂಟರಿನ ಪ್ರೋಗ್ರಾಂ ಏರಿಯಾನ್ 4ರಿಂದ ಬಂದದ್ದು, ಏಡಾ ಭಾಷೆಯಲ್ಲಿ ಬರೆದದ್ದು. 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ಗೆ ಇಳಿಸುವಾಗ ಅದು ಹಿಡಿಸಲಿಲ್ಲ. ಏರಿಯಾನ್ 5ರ ಅಡ್ಡ ವೇಗ ಹಳೆಯದಕ್ಕಿಂತ ಬಹಳ ಹೆಚ್ಚಿತ್ತು. ಎಕ್ಸೆಪ್ಷನ್ ಎದ್ದಿತು, ಹಿಡಿಯುವವರು ಇರಲಿಲ್ಲ. ಎಕ್ಸೆಪ್ಷನ್ ಎದ್ದರೆ ಕಂಪ್ಯೂಟರನ್ನೇ ನಿಲ್ಲಿಸಬೇಕೆಂದು ವಿನ್ಯಾಸದಲ್ಲಿತ್ತು, ಅದು ನಿಂತಿತು. ಬದಲಿಗೆಂದು ಇಟ್ಟ ಇನ್ನೊಂದು ಕಂಪ್ಯೂಟರಿನಲ್ಲೂ ಅದೇ ಪ್ರೋಗ್ರಾಂ. ಅದು ಮೊದಲೇ ನಿಂತಿತ್ತು. ನಿಂತ ಕಂಪ್ಯೂಟರ್ ಕಳಿಸಿದ ದೋಷದ ವರದಿಯನ್ನು ಮುಖ್ಯ ಕಂಪ್ಯೂಟರ್ ಹಾರಾಟದ ಮಾಹಿತಿ ಎಂದೇ ಓದಿ ನಳಿಕೆಗಳನ್ನು ತಿರುಗಿಸಿತು.

ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ತಪ್ಪಾದ ಆ ಲೆಕ್ಕ ಬೇಕಾಗಿದ್ದುದು ರಾಕೆಟ್ ನೆಲ ಬಿಡುವ ಮೊದಲು ಮಾತ್ರ. ಹಾರಿದ ಮೇಲೆ ಏರಿಯಾನ್ 5ಕ್ಕೆ ಅದರಿಂದ ಯಾವ ಉಪಯೋಗವೂ ಇರಲಿಲ್ಲ. ಕಂಪ್ಯೂಟರನ್ನು ನಿಲ್ಲಿಸುವ ಬದಲು ಕೈಲಾದ ಅಂದಾಜನ್ನು ಕೊಡುತ್ತಾ ಇರಬಹುದಿತ್ತು ಎಂದು ಸಮಿತಿಯೂ ಬರೆಯಿತು.

ಲಿಸ್ಪ್ ಇದ್ದಿದ್ದರೆ ರಾಕೆಟ್ ಉಳಿಯುತ್ತಿತ್ತು ಎಂದು ನಾನು ಹೇಳುವುದಿಲ್ಲ. ದಾರಿ ಯಾವುದೆಂದು ಯಾರಾದರೂ ಯೋಚಿಸಿ ಬರೆದಿಟ್ಟಿರದಿದ್ದರೆ ಯಾವ ಭಾಷೆಯೂ ಕಾಪಾಡುವುದಿಲ್ಲ. ಆದರೆ ತಪ್ಪು ಕಂಡ ಜಾಗದಲ್ಲೇ ‘ಎಲ್ಲ ನಿಲ್ಲಿಸು’ ಎಂಬ ತೀರ್ಪೂ ಕೂತಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಆ ಸಣ್ಣ ಲೆಕ್ಕಕ್ಕೆ ರಾಕೆಟ್ ನೆಲದ ಮೇಲಿದೆಯೋ ಆಕಾಶದಲ್ಲಿದೆಯೋ ಗೊತ್ತಿರಲಿಲ್ಲ.

ಎದುರು ವಾದ

ಇಷ್ಟು ಒಳ್ಳೆಯದಾದರೆ ಉಳಿದ ಭಾಷೆಗಳು ಯಾಕೆ ತೆಗೆದುಕೊಳ್ಳಲಿಲ್ಲ? ಪ್ರಶ್ನೆ ನ್ಯಾಯವಾದದ್ದೇ. ಸಿ++ ರೂಪಿಸಿದ ಬ್ಯಾರ್ನೆ ಸ್ಟ್ರೌಸ್ಟ್ರಪ್ ತಮ್ಮ ಭಾಷೆಯ ಇತಿಹಾಸ ಹೇಳುವ 1994ರ ಪುಸ್ತಕದಲ್ಲಿ ಈ ಚರ್ಚೆಯನ್ನು ದಾಖಲಿಸಿದ್ದಾರೆ. ಝೆರಾಕ್ಸ್ ಕಂಪನಿಯಲ್ಲಿ ಮೆಸಾ, ಸೀಡರ್ ಎಂಬ ಭಾಷೆಗಳನ್ನು ವರ್ಷಗಟ್ಟಲೆ ಬಳಸಿದವರ ಅನುಭವ ಅಲ್ಲಿದೆ. ತಪ್ಪಾದ ಜಾಗಕ್ಕೇ ಮರಳಿ ಮುಂದುವರಿಯುವ ಸೌಕರ್ಯ ಅವರಿಗೆ ಇತ್ತು. ಕಾಲ ಕಳೆದಂತೆ ಅದನ್ನು ಬಳಸಿದ ಕಡೆಯಲ್ಲೆಲ್ಲ ತೆಗೆದು, ಕೆಲಸ ನಿಲ್ಲಿಸಿ ಮೇಲೆ ಹೋಗುವ ರೀತಿಯಲ್ಲಿ ಬರೆದುಕೊಂಡರಂತೆ. ಸಿ++ ಅದನ್ನು ಕೇಳಿ ಮುಂದುವರಿಕೆಯನ್ನು ಕೈಬಿಟ್ಟಿತು. ಜಾವಾ ಕೂಡ ಅದೇ ದಾರಿ ಹಿಡಿಯಿತು.

ನನ್ನ ಅನಿಸಿಕೆಯಲ್ಲಿ ಆ ಅನುಭವ ಲಿಸ್ಪ್‌ಗೆ ಪೂರ್ತಿ ಅನ್ವಯಿಸುವುದಿಲ್ಲ. ಏನೋ ಸರಿಹೋಗಿರಬಹುದೆಂದು ನಂಬಿ, ಬಿದ್ದ ಜಾಗಕ್ಕೇ ಕಣ್ಣು ಮುಚ್ಚಿ ಮರಳುವುದು ಅಪಾಯವೇ. ರೀಸ್ಟಾರ್ಟ್‌ಗಳನ್ನಾದರೋ ಆ ಜಾಗದ ಒಳಹೊರಗು ತಿಳಿದವರೇ ಬರೆದಿರುತ್ತಾರೆ. ಮೇಲಿನವರು ಹೆಸರು ಹೇಳಿ ಆರಿಸುತ್ತಾರೆ ಅಷ್ಟೆ. ಒಳಗೆ ಕೈ ಹಾಕುವುದಿಲ್ಲ.

ಮಿತಿಗಳು ಮಾತ್ರ ಇವೆ. ರಾತ್ರಿ ಎರಡು ಗಂಟೆಗೆ ಸರ್ವರ್‌ನಲ್ಲಿ ಡಿಬಗರ್ ತೆರೆದು ಕಾದರೆ ಉತ್ತರ ಕೊಡಲು ಯಾರೂ ಇರುವುದಿಲ್ಲ. ಅಲ್ಲಿ ಡಿಬಗರ್ ಮುಚ್ಚಿ, ಎಲ್ಲಕ್ಕೂ ಹ್ಯಾಂಡ್ಲರ್ ಬರೆದಿಡಬೇಕು. ಸ್ಟ್ಯಾಕ್ ಒಂದು ಯಂತ್ರದ ಒಳಗಿನ ವಸ್ತು. ನೆಟ್‌ವರ್ಕ್ ದಾಟಿದ ಮೇಲೆ ರೀಸ್ಟಾರ್ಟ್ ಜೊತೆಗೆ ಬರುವುದಿಲ್ಲ. ಎರಿಕ್ಸನ್ ಕಂಪನಿಯಲ್ಲಿ ಹುಟ್ಟಿದ ಅರ್ಲಾಂಗ್ ಭಾಷೆ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದು ಗೆದ್ದಿದೆ. ಅಲ್ಲಿ ಕೆಟ್ಟ ಪ್ರೋಸೆಸ್ ಸಾಯಲಿ ಎಂದು ಬಿಟ್ಟು, ಮೇಲ್ವಿಚಾರಣೆಯ ಪ್ರೋಸೆಸ್ ಹೊಸದನ್ನು ಶುರು ಮಾಡುತ್ತದೆ. ಒಂದು ಫೋನ್ ಕರೆ ಕಡಿದರೆ ಉಳಿದ ಕರೆಗಳಿಗೆ ತೊಂದರೆಯಿಲ್ಲದ ಕಡೆ ಅದೇ ಸರಿ. ಅಲ್ಲಿಯೂ ತೀರ್ಪು ಕೊಡುವುದು ತಪ್ಪು ಕಂಡವರಲ್ಲ, ಮೇಲ್ವಿಚಾರಕರು ಎಂಬುದನ್ನು ಗಮನಿಸಿ.

ನಾಳೆ ಆಫೀಸಿಗೆ

ಲಿಸ್ಪ್‌ನಲ್ಲಿ ಸಂಬಳ ಕೊಡುವ ಕಂಪನಿಗಳು ಮುಂಬೈಯಲ್ಲೂ ಹೈದರಾಬಾದಿನಲ್ಲೂ ಬೆರಳೆಣಿಕೆಯಷ್ಟು ಸಿಕ್ಕಾವು. ಹಾಗಿದ್ದೂ ಈ ವಿಚಾರ ಕೆಲಸಕ್ಕೆ ಬರುತ್ತದೆ. ಡೇಟಾ ಕೆಲಸಕ್ಕೆ ಆರ್ ಭಾಷೆ ಬಳಸುವವರಿಗೆ ಇದು ಆಗಲೇ ಕೈಯಲ್ಲಿದೆ. ಕಾಮನ್ ಲಿಸ್ಪ್ ಮಾದರಿಯ ಹ್ಯಾಂಡ್ಲರ್, ರೀಸ್ಟಾರ್ಟ್ ಎರಡೂ ಅದರಲ್ಲಿವೆ. ‘ವಿತ್ ಕಾಲಿಂಗ್ ಹ್ಯಾಂಡ್ಲರ್ಸ್’, ‘ವಿತ್ ರೀಸ್ಟಾರ್ಟ್ಸ್’ ಎಂದು ಹುಡುಕಿ ನೋಡಿ. ಪೈಥಾನ್, ಜಾವಾದವರು ತೀರ್ಮಾನಿಸುವ ಒಂದು ಫಂಕ್ಷನನ್ನು ಮೇಲಿನಿಂದ ಕಳಿಸಿಕೊಡಬಹುದು. ತುಸು ತೊಡಕು, ಆದರೆ ಆಗುತ್ತದೆ.

ಸಹೋದ್ಯೋಗಿಗಳ ಕೋಡ್ ಪರಿಶೀಲಿಸುವಾಗ ಈಗ ನಾನು ಮೂರು ಪ್ರಶ್ನೆ ಕೇಳುತ್ತೇನೆ. ತಪ್ಪು ಮೊದಲು ಯಾರಿಗೆ ಕಾಣುತ್ತದೆ? ಹೊರಬರುವ ದಾರಿಗಳು ಯಾರಿಗೆ ಗೊತ್ತು? ಆರಿಸುವ ಅಧಿಕಾರ ಯಾರಿಗಿರಬೇಕು? ಬಹಳ ಸಲ ಮೂರಕ್ಕೂ ಒಂದೇ ಫಂಕ್ಷನ್ ಉತ್ತರವಾಗಿರುತ್ತದೆ. ಅಲ್ಲಿ ಮಾತು ಶುರುವಾಗುತ್ತದೆ.

ಇವತ್ತು ಸಂಜೆ ಹತ್ತು ನಿಮಿಷ ಬಿಡುವಿದ್ದರೆ ಎಸ್‌ಬಿಸಿಎಲ್ ಎಂಬ ಉಚಿತ ಕಾಮನ್ ಲಿಸ್ಪ್ ಹಾಕಿಕೊಳ್ಳಿ. ಬೆಲೆ ಕೊಡದ ಯಾವುದಾದರೂ ಒಂದು ಹೆಸರನ್ನು ಟೈಪ್ ಮಾಡಿ ಎಂಟರ್ ಒತ್ತಿ. ಈ ಹೆಸರಿಗೆ ಬೆಲೆಯಿಲ್ಲ ಎಂದು ಹೇಳಿ, ಸೊನ್ನೆಯಿಂದ ಮೂರರವರೆಗೆ ನಂಬರು ಹಾಕಿದ ನಾಲ್ಕು ದಾರಿಗಳನ್ನು ಅದು ತೋರಿಸುತ್ತದೆ: ಮತ್ತೆ ಪ್ರಯತ್ನಿಸಲೇ, ಈ ಸಲಕ್ಕೆ ಒಂದು ಬೆಲೆ ಕೊಡುವಿರಾ, ಶಾಶ್ವತವಾಗಿ ಕೊಡುವಿರಾ, ಬಿಟ್ಟುಬಿಡಲೇ? ಎರಡನ್ನು ಒತ್ತಿ ಒಂದು ಸಂಖ್ಯೆ ಕೊಡಿ. ನಿಂತಿದ್ದ ಲೆಕ್ಕ ನಿಂತಲ್ಲಿಂದಲೇ ಮುಂದೆ ಹೋಗುತ್ತದೆ.